ಅಪ್ಪನಿಗಾಗಿ ಉಳಿದವರ ಪುಸ್ತಕ, ಅಪ್ಪನನ್ನು ಬಿಟ್ಟು ಬಂದವರ ಓದು

(ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆದ ಪ್ರಕರಣವಿದು.)

ದಾವಣಗೆರೆ ಕಡೆಯವರಾದ, ಈಗ ಜರ್ಮನಿಯ ಮ್ಯೂನಿಕ್‌ನಲ್ಲಿ ಉದ್ಯೋಗದಲ್ಲಿರುವ ಒಬ್ಬರು ವಿಡಿಯೊ ಕರೆಯ ಮೂಲಕ ನನ್ನಲ್ಲಿ ಆಪ್ತಸಲಹೆಗೆ ಬಂದರು. ನಿದ್ದೆ ಹತ್ತುತ್ತಿಲ್ಲ, ಊಟ ಸೇರುತ್ತಿಲ್ಲ, ಒಂದು ಪುಸ್ತಕ ಓದಿದಾಗಿನಿಂದ ಹೀಗಾಗಿದೆ ಎಂಬುದು ಅವರ ಮೊದಲ ಮಾತು. ವಿಯೆನ್ನಾದ ಯಹೂದಿ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿ ಶಿಬಿರಗಳಿಂದ ಬದುಕಿ ಬಂದು 1946ರಲ್ಲಿ ಪ್ರಕಟಿಸಿದ, ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’ ಎಂಬ ಇಂಗ್ಲಿಷ್ ಹೆಸರಿನಿಂದ ನಮ್ಮಲ್ಲೂ ಅನೇಕರು ಬಲ್ಲ ಪುಸ್ತಕವದು. ತಂದೆಯನ್ನು ಕಳೆದುಕೊಂಡವರಿಗೆ ಧೈರ್ಯ ಬರಲಿ ಎಂದು ಸ್ನೇಹಿತರೊಬ್ಬರು ಕೊಟ್ಟಿದ್ದರು.

ತಂದೆಗೆ ಪಾರ್ಶ್ವವಾಯು ಹೊಡೆದ ಸುದ್ದಿ ಬಂದಾಗ ಇವರು ಮ್ಯೂನಿಕ್‌ನಲ್ಲಿದ್ದರು. ವಿಮಾನ ಹಿಡಿದು ಊರು ಮುಟ್ಟುವ ಹೊತ್ತಿಗೆ ದಹನ ಮುಗಿದಿತ್ತು. ಹಿರಿಯ ಮಗನಾದ ಇವರ ಬದಲು ತಮ್ಮನೇ ಕೊಳ್ಳಿ ಇಟ್ಟಿದ್ದ.

ಇವರನ್ನು ಅಲುಗಾಡಿಸಿದ್ದು ಶಿಬಿರದ ವರ್ಣನೆಯಲ್ಲ, ನಂತರದ ಆವೃತ್ತಿಗೆ ಫ್ರಾಂಕ್ಲ್ ಬರೆದ ಮುನ್ನುಡಿ. ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯುವ ಸ್ವಲ್ಪ ಮುಂಚೆ ಅವರಿಗೆ ಆ ದೇಶದ ವೀಸಾ ಸಿಕ್ಕಿತ್ತು. ಹೋದರೆ ಜೀವ ಉಳಿಯುತ್ತದೆ, ಆದರೆ ಮುದಿ ತಂದೆತಾಯಿಯನ್ನು ನಾಜಿಗಳ ಕೈಗೆ ಬಿಟ್ಟಂತಾಗುತ್ತದೆ. ಈ ತೊಳಲಾಟದಲ್ಲಿ ಮನೆಗೆ ಬಂದಾಗ ಮೇಜಿನ ಮೇಲೆ ಒಂದು ಅಮೃತಶಿಲೆಯ ಚೂರು ಕಾಣುತ್ತದೆ. ನಾಜಿಗಳು ಸುಟ್ಟ ಯಹೂದಿ ಪ್ರಾರ್ಥನಾಮಂದಿರದ ಅವಶೇಷದಿಂದ ತಂದೆ ಅದನ್ನು ಆರಿಸಿ ತಂದಿದ್ದರು. ಅದರ ಮೇಲೆ ಉಳಿದಿದ್ದ ಚಿನ್ನದ ಬಣ್ಣದ ಒಂದೇ ಹೀಬ್ರೂ ಅಕ್ಷರ, ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆಗೆ ಸೇರಿದ್ದು. ಫ್ರಾಂಕ್ಲ್ ವೀಸಾ ಕೈಬಿಟ್ಟು ಅಲ್ಲಿಯೇ ಉಳಿದರು.

“ಅವರು ಅಪ್ಪ ಅಮ್ಮನಿಗಾಗಿ ವೀಸಾ ಬಿಟ್ಟರು, ನಾನು ವೀಸಾಕ್ಕಾಗಿ ಅಪ್ಪನನ್ನೇ ಬಿಟ್ಟೆ” ಎಂದು ಹೇಳಿ ಇವರು ಬಹಳ ಹೊತ್ತು ಅತ್ತರು. ಇದರ ಜೊತೆಗೇ ಇನ್ನೊಂದು ನಾಚಿಕೆಯೂ ಇತ್ತು. 60 ಲಕ್ಷ ಯಹೂದಿಗಳನ್ನು ಕೊಂದ ನಾಜಿಗಳು ಆಳಿದ ನೆಲದಲ್ಲಿ ಕುಳಿತು, ಹಾಸಿಗೆಯ ಮೇಲೆ ಪ್ರಾಣಬಿಟ್ಟ ಅಪ್ಪನಿಗಾಗಿ ಅಳುವುದು ಅವಮಾನವೆಂದು ಅವರಿಗೆ ಅನ್ನಿಸುತ್ತಿತ್ತು. ಕೆಲಸಕ್ಕೆ ಹೋಗುವ ರೈಲು ಕೌಫರಿಂಗ್ ನಿಲ್ದಾಣವನ್ನು ದಾಟುತ್ತದೆ. ಮ್ಯೂನಿಕ್ ಬಳಿಯ ಡಹೌ ನಾಜಿ ಶಿಬಿರಕ್ಕೆ ಸೇರಿದ ಹನ್ನೊಂದು ಉಪಶಿಬಿರಗಳು ಆ ಸುತ್ತಿನಲ್ಲಿದ್ದವು. ಫ್ರಾಂಕ್ಲ್ ಕೂಡ ಅವುಗಳಲ್ಲೊಂದರ ಕೈದಿಯಾಗಿದ್ದರು. ನಿಲ್ದಾಣದ ಹೆಸರು ಕೂಗಿದೊಡನೆ ಕೈ ತಣ್ಣಗಾಗಿ, ಒಮ್ಮೆ ನಡುವೆಯೇ ಇಳಿದುಬಿಟ್ಟಿದ್ದರು.

ಆತ್ಮಹತ್ಯೆಯ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ನಿದ್ದೆಗಾಗಿ ಅಲ್ಲಿನ ವೈದ್ಯರನ್ನು ಕಾಣುವಂತೆಯೂ ರಾತ್ರಿ ಹೊತ್ತು ಆ ಪುಸ್ತಕ ಓದದಂತೆಯೂ ಹೇಳಿದೆ.

ನನ್ನ ದೃಷ್ಟಿಯಲ್ಲಿ ಇಲ್ಲಿ ಎರಡು ಅಳುಗಳು ಬೆರೆತಿದ್ದವು. ಕೊಲ್ಲಲ್ಪಟ್ಟವರಿಗಾಗಿ ಬರುವ ಅಳು ಕಾಯಿಲೆಯಲ್ಲ, ಅದನ್ನು ಗುಣಪಡಿಸಬೇಕಾಗಿಯೂ ಇಲ್ಲ. ಅಂಥ ಪುಸ್ತಕವನ್ನು ಧೈರ್ಯದ ಔಷಧಿಯೆಂದು ಕೊಡುವ ನಮ್ಮ ರೂಢಿಯ ಬಗ್ಗೆ ನನಗೆ ತಕರಾರಿದೆ, ಏಕೆಂದರೆ ಅದು ಮೊದಲಿಗೆ ಸತ್ತವರ ಪರವಾದ ಸಾಕ್ಷ್ಯ. ಎರಡನೆಯದು ಮಗನ ಅಪರಾಧಿಭಾವ. ಅದಕ್ಕೆ ಹೇಳಲು ಬೇರೆಯದೇ ಮಾತಿತ್ತು, ಆದರೆ ಪುಸ್ತಕದ ದೊಡ್ಡ ದುಃಖದ ಮುಂದೆ ಅದು ಬಾಯಿ ಬಿಡಲಾಗದೆ ಕುಳಿತಿತ್ತು.

ದುಃಖದ ಅಳತೆಯ ಪ್ರಶ್ನೆಗೆ ಉತ್ತರ ಪುಸ್ತಕದಲ್ಲೇ ಇದೆ. ಖಾಲಿ ಕೋಣೆಗೆ ಬಿಟ್ಟ ಅನಿಲ ಎಷ್ಟೇ ಇರಲಿ ಕೋಣೆಯನ್ನೆಲ್ಲ ತುಂಬುವಂತೆ, ಸಂಕಟ ಚಿಕ್ಕದಿರಲಿ ದೊಡ್ಡದಿರಲಿ ಮನಸ್ಸನ್ನು ಪೂರ್ತಿ ತುಂಬುತ್ತದೆ ಎಂಬರ್ಥದ ಮಾತನ್ನು ಆಶ್‌ವಿಟ್ಸ್ ಎಂಬ ನಾಜಿ ಕೊಲೆಶಿಬಿರವನ್ನು ಕಂಡ ಫ್ರಾಂಕ್ಲ್ ಅವರೇ ಬರೆದಿದ್ದಾರೆ. ಆ ಪುಟವನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದೆ.

ವೀಸಾದ ವಿಷಯದಲ್ಲಿ ಕಥೆಯ ಉಳಿದ ಭಾಗವನ್ನೂ ನೋಡೋಣವೆಂದೆ. ಫ್ರಾಂಕ್ಲ್ ಉಳಿದುಕೊಂಡರೂ ತಂದೆ 1943ರಲ್ಲಿ ಟೆರೇಜಿಯೆನ್‌ಸ್ಟಾಟ್ ಎಂಬ ನಾಜಿ ಶಿಬಿರದಲ್ಲಿ ತೀರಿಕೊಂಡರು, ತಾಯಿಯನ್ನು 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಂದರು. ಅವರನ್ನು ಕೊಂದದ್ದು ನಾಜಿ ಆಡಳಿತವೇ ಹೊರತು ಯಾವ ಮಕ್ಕಳ ತೀರ್ಮಾನವೂ ಅಲ್ಲ. ಅದೇ ಮನೆಯ ಮಗಳು, ಫ್ರಾಂಕ್ಲ್ ಅವರ ತಂಗಿ ಸ್ಟೆಲ್ಲಾ, ದೇಶ ಬಿಟ್ಟು ಆಸ್ಟ್ರೇಲಿಯ ಸೇರಿ ಬದುಕುಳಿದರು. ಹೋದವರನ್ನು ತೂಗುವ ತಕ್ಕಡಿಯನ್ನಾಗಿ ಫ್ರಾಂಕ್ಲ್ ತಮ್ಮ ನಿರ್ಧಾರವನ್ನು ಆ ಪುಸ್ತಕದಲ್ಲಿ ಎತ್ತಿ ಹಿಡಿದಿಲ್ಲ. ಅಲ್ಲದೆ, ಬೇಟೆಯಾಡಲ್ಪಡುತ್ತಿದ್ದ ಕುಟುಂಬವೊಂದರ ಆಯ್ಕೆಯನ್ನೂ, ಮನೆಯವರೆಲ್ಲ ಹರಸಿ ಕಳಿಸಿದ ಉದ್ಯೋಗವನ್ನೂ ಒಂದೇ ತೂಕಕ್ಕೆ ಹಾಕುವುದು ಇಬ್ಬರಿಗೂ ಅನ್ಯಾಯ. ಜರ್ಮನಿಗೆ ಹೊರಡುವಾಗ ಸೂಟ್‌ಕೇಸಿನ ತೂಕ ನೋಡಿ, ಚಟ್ನಿಪುಡಿಯ ಡಬ್ಬಿ ಉಳಿಸಿ ಪುಸ್ತಕ ತೆಗೆಸಿದವರು ತಂದೆಯೇ ಎಂಬುದು ಆಗ ಅವರಿಗೆ ನೆನಪಾಯಿತು.

ತಾಯಿಯ ದನಿ ಕೇಳಲಾರದೆ ಇವರು ಊರಿಗೆ ಕರೆ ಮಾಡುವುದನ್ನೇ ಕಡಿಮೆ ಮಾಡಿದ್ದರು. ನಿಜವಾಗಿ ಸರಿಪಡಿಸಿಕೊಳ್ಳಬೇಕಾದದ್ದು ಇದೇ ಎಂದು ನನಗನಿಸಿತು. ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಮಾತಾಡಿ, ತಂದೆಯ ಕೊನೆಯ ದಿನಗಳ ಬಗ್ಗೆ ಕೇಳಲು ಹೆದರಿದ್ದನ್ನು ಅವರಿಂದಲೇ ಕೇಳಿ ತಿಳಿಯಿರಿ, ವರ್ಷದ ತಿಥಿಗೆ ಊರಿಗೆ ಹೋಗಲು ಈಗಲೇ ರಜೆ ಹಾಕಿ ಎಂದು ಸಲಹೆ ಕೊಟ್ಟೆ. ಕೌಫರಿಂಗ್‌ನ ಶಿಬಿರದ ಜಾಗ ನೋಡಬೇಕೆನಿಸಿದರೆ ಹೋಗಬಹುದು, ಆದರೆ ಪ್ರಾಯಶ್ಚಿತ್ತವೆಂದು ಬೇಡ. ಅಲ್ಲಿ ಸತ್ತವರನ್ನು ನೆನೆಯಲೆಂದು ಮಾತ್ರ ಹೋಗಿ ಎಂದೆ.

ಈಗ ನಿದ್ದೆ ಸುಧಾರಿಸಿದೆ, ರೈಲು ಪ್ರಯಾಣ ಮೊದಲಿನಂತೆ ನಡೆದಿದೆ. ಪುಸ್ತಕದ ಕೊನೆಯ ಭಾಗ ಓದುವುದು ಬಾಕಿಯಿದೆ, ಅದಕ್ಕೆ ಅವಸರವಿಲ್ಲ. ಕೊಳ್ಳಿ ಇಟ್ಟ ತಮ್ಮನ ಮೇಲೆ ಒಳಗೊಳಗೇ ಅಸೂಯೆ ಇದೆಯೆಂದು ಕಳೆದ ಭೇಟಿಯಲ್ಲಿ ಅವರಾಗಿಯೇ ಹೇಳಿದ್ದರಿಂದ, ಮುಂದಿನ ಕೆಲಸ ಅಲ್ಲಿಂದ ಶುರುವಾಗಲಿದೆ.