ಮಂಡಿನೋವಿಗೆ ಹಾಟ್ ಟಬ್: ಏಳುವಾಗ ಜೋಪಾನ

ಮಂಡಿನೋವಿದ್ದು ಬಿಪಿ ಮಾತ್ರೆ ತಗೊಳ್ಳುವ ಅಮ್ಮನನ್ನು ಡಲ್ಲಾಸ್‌ನ ನಿಮ್ಮ ಮನೆಯ ಹಾಟ್ ಟಬ್‌ನಲ್ಲಿ (ಬಿಸಿನೀರು ತುಂಬಿ ಒಳಗೆ ಕೂರುವ ದೊಡ್ಡ ತೊಟ್ಟಿ) ಕೂರಿಸಬಹುದಾ ಅಂತ ಕೇಳಿದ್ದೀರಿ. ಬಿಪಿ ಹತೋಟಿಯಲ್ಲಿದ್ದರೆ, ಡಾಕ್ಟರನ್ನು ಒಮ್ಮೆ ಕೇಳಿ ಧಾರಾಳವಾಗಿ ಕೂರಿಸಿ. ಕುತ್ತಿಗೆವರೆಗಿನ ನೀರು ಮೈಭಾರದ ಬಹುಪಾಲನ್ನು ತಾನೇ ಹೊರುತ್ತದೆ, ಮಂಡಿ ಮಡಚಿ ಬಿಡಿಸುವುದು ಸಲೀಸು. ನೋವಿಗೆ ಆರಾಮ ಸಿಗುತ್ತದೆ. ಸವೆದ ಕೀಲು ಮಾತ್ರ ಸರಿಹೋಗಲ್ಲ. ಮಲಗುವ ಒಂದೆರಡು ಗಂಟೆ ಮೊದಲು ಕೂತರೆ ನಿದ್ದೆಯೂ ಬೇಗ ಹತ್ತುತ್ತದೆ.

ಎಚ್ಚರ ಬೇಕಾದ್ದು ಏಳುವಾಗ. ಬಿಸಿನೀರಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಮಾತ್ರೆಯೂ ಅದನ್ನೇ ಇಳಿಸುತ್ತಿರುತ್ತದೆ. ಧಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳಬಹುದು. ನೀರು 38 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, 40 ದಾಟಲೇಬಾರದು. ಹತ್ತು ನಿಮಿಷ ಆದಮೇಲೆ ಒಳಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಕೈಹಿಡಿದು ಎಬ್ಬಿಸಿ. ಒಬ್ಬರನ್ನೇ ಬಿಡಬೇಡಿ, ದಯವಿಟ್ಟು.

ಇನ್ನೊಂದು, ನಮ್ಮ ಅಮ್ಮಂದಿರಿಗೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಬಿಸಿನೀರಿಗೆ ಹೋಗುವ ರೂಢಿ. ಟಬ್‌ಗೆ ಅದು ಆಗದು. ಬ್ಯಾಕ್ಟೀರಿಯಾ ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ ಅನ್ನು ಎಣ್ಣೆ ತಿಂದುಹಾಕುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸೋಪು ಹಚ್ಚಿ ತೊಳೆದ ಮೇಲೆ ಇಳಿಸಿ. ಕ್ಲೋರಿನ್ ಅಳೆಯುವ ಪರೀಕ್ಷೆ ಪಟ್ಟಿಯನ್ನು ನೀರಿಗೆ ಅದ್ದಿದಾಗ 3 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ ಮೂರು ಪಾಲು) ಕಡಿಮೆ ತೋರಿಸಿದ ದಿನ ಟಬ್ ಬೇಡ. ಅಂಥ ನೀರಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆದು ಮೈಮೇಲೆ ಕೆಂಪು ಗುಳ್ಳೆ ಏಳುತ್ತದೆ.