ಬಟ್ಟೆಯ ಯಾವ ಕೆಲಸ ಬೇಡ?

‘ನಗ್ನತಾವಾದಿಗಳು ಬಟ್ಟೆ ಬಿಸಾಡುತ್ತಾರೆ. ಮಾನ ಮುಚ್ಚಲೆಂದೇ ಹುಟ್ಟಿದ ಬಟ್ಟೆ ಹೋದಮೇಲೆ ಸಂಸ್ಕೃತಿ ಎಲ್ಲಿ ಉಳಿಯಿತು?’ ಎಂದು ಕೇಳಿದ್ದೀರಿ.

ಬಟ್ಟೆ ಯಾವಾಗ ಬಂತೆಂಬುದಕ್ಕೆ ಸಾಕ್ಷಿ ನುಡಿಯುವುದು, ನಗಬೇಡಿ, ಹೇನು. ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಮೈಹೇನು ತಲೆಹೇನಿನಿಂದ ಕವಲೊಡೆದದ್ದು ಸುಮಾರು 1,70,000 ವರ್ಷಗಳ ಹಿಂದೆ ಎಂದು 2011ರ ಡಿಎನ್‌ಎ ಅಧ್ಯಯನ ಅಂದಾಜಿಸಿತು. ಮೈಕೂದಲು ಉದುರಿದ್ದು ಅದಕ್ಕೂ ಲಕ್ಷಾಂತರ ವರ್ಷ ಮೊದಲು. ನಡುವೆ ಇದ್ದದ್ದು ಬರಿಮೈ. ‘ಮಾನ ಮುಚ್ಚಲೆಂದೇ’ ಎಂಬ ಮಾತಿಗೆ ಆಧಾರ ಸಿಗುವುದು ಕಷ್ಟ.

ಮನಶ್ಶಾಸ್ತ್ರಜ್ಞ ಜಾನ್ ಫ್ಲೂಗೆಲ್ 1930ರಲ್ಲಿ ಬಟ್ಟೆಯ ಕೆಲಸವನ್ನು ಮೂರಾಗಿ ಬಿಡಿಸಿದ: ಅಲಂಕಾರ, ಲಜ್ಜೆ, ರಕ್ಷಣೆ. ತಿಳಿದ ನಗ್ನತಾವಾದಿಯ ಮುಖ್ಯ ತಕರಾರು ಲಜ್ಜೆಯ ಬಗ್ಗೆ.

ರಕ್ಷಣೆಯ ವಿಷಯದಲ್ಲಿ ಅವನಷ್ಟು ಲೆಕ್ಕಾಚಾರದವರಿಲ್ಲ. ಸುಮ್ಮನೆ ಕುಳಿತ ಬೆತ್ತಲೆ ಮೈಗೆ ಹಿತವೆನಿಸುವುದು 28ರಿಂದ 30 ಡಿಗ್ರಿ. ಗಾಳಿ ತಣ್ಣಗಾಯಿತೋ, ಸ್ವೆಟರ್ ಏರುತ್ತದೆ. ಎಣ್ಣೆಯಲ್ಲಿ ಕರಿಯುವಾಗ ಏಪ್ರನ್ ಬೇಕೇ ಬೇಕು. ಹೊಸಬರು ಎಡವುವುದು ಬಿಸಿಲಿನಲ್ಲಿ. ವರ್ಷಗಟ್ಟಲೆ ಬಿಸಿಲು ಕಾಣದ ಪೃಷ್ಠ, ಎದೆ, ಒಳತೊಡೆಗಳು ಎಲ್ಲಕ್ಕಿಂತ ಮೊದಲು ಸುಡುತ್ತವೆ. ಸನ್‌ಸ್ಕ್ರೀನ್ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬೇಕು, ಅಂದರೆ ವಯಸ್ಕರ ಇಡೀ ಮೈಗೆ ಸುಮಾರು 35 ಮಿಲಿಲೀಟರ್. ಹೆಚ್ಚಿನವರು ಇದರ ಅರ್ಧವನ್ನೂ ಹಚ್ಚುವುದಿಲ್ಲ. ಬಾಟಲಿಯ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) 30 ಎಂದಿದ್ದರೂ ಮೈಗೆ ಅಷ್ಟು ರಕ್ಷಣೆ ಸಿಗದು. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಕೂಡಲೇ ಮತ್ತೊಮ್ಮೆ ಹಚ್ಚಬೇಕು.

ಇನ್ನು ಟವೆಲ್. ನಗ್ನತಾವಾದಿಗಳು ಸೇರುವ ಜಾಗದಲ್ಲಿ ಯಾವ ಕುರ್ಚಿಯ ಮೇಲೂ ಸ್ವಂತ ಟವೆಲ್ ಹಾಸದೆ ಕೂರುವಂತಿಲ್ಲ. ಒಳ ಉಡುಪು ಮಾಡುತ್ತಿದ್ದ ಶುಚಿತ್ವದ ಕೆಲಸ ಈಗ ಅದರದ್ದು. ಎದ್ದು ಹೋಗಿ ಬಂದು ಮಗುಚಿ ಹಾಸಿದಿರೋ, ಬೆಂಚಿನ ಕೊಳೆಯೆಲ್ಲ ಮೈಗೆ. ಆದ್ದರಿಂದ ಎರಡು ಮುಖಕ್ಕೆ ಎರಡು ಬಣ್ಣವಿರುವುದು ಒಳ್ಳೆಯದು, ಇಲ್ಲವೆ ಮೂಲೆಯಲ್ಲೊಂದು ಬಣ್ಣದ ಹೊಲಿಗೆಯಾದರೂ ಇರಲಿ.

ಲಜ್ಜೆಯಾದರೂ ಪೂರ್ತಿ ಹೋಯಿತೆ? ಇಲ್ಲ, ಜಾಗ ಬದಲಿಸಿತು. ಅವರ ಕೂಟದಲ್ಲಿ ಬೆತ್ತಲೆ ಇರುವುದು ನಾಚಿಕೆಯಲ್ಲ, ದಿಟ್ಟಿಸುವುದು ನಾಚಿಕೆ. ಕೇಳದೆ ಕ್ಯಾಮೆರಾ ತೆಗೆದವನಿಗೆ ಗೇಟು ತೋರಿಸುತ್ತಾರೆ.

ಅಲಂಕಾರದ ಬಗ್ಗೆ ಮಾತ್ರ ಅವರ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಬಟ್ಟೆ ಕಳಚಿದರೆ ಮೇಲುಕೀಳು ಅಳಿಯುತ್ತದೆ ಎನ್ನುತ್ತಾರೆ. ವಾಚು, ಹಚ್ಚೆ, ಕೂದಲಿನ ಕಟ್ಟು, ಮಾತಿನ ಧಾಟಿ ಎಲ್ಲಿ ಹೋದವು? ದಾಖಲೆಗೆ ಸಿಗುವ ಮೊದಲ ನಗ್ನತಾವಾದಿ ಕೂಟವನ್ನು ಬ್ರಿಟಿಷ್ ನ್ಯಾಯಾಧೀಶ ಚಾರ್ಲ್ಸ್ ಕ್ರಾಫರ್ಡ್ 1891ರಲ್ಲಿ ಮುಂಬೈ ಬಳಿಯ ಥಾಣೆ ಊರಿನಲ್ಲಿ ಕಟ್ಟಿದ. ಇದ್ದವರು ಮೂರೇ ಜನ. ಪೂರ್ತಿ ಬೆತ್ತಲೆ ಇರಬೇಕೆಂಬ ನಿಯಮಕ್ಕೆ ಅವರೂ ವಿನಾಯಿತಿ ಇಟ್ಟುಕೊಂಡಿದ್ದರು: ಕನ್ನಡಕ, ಕಟ್ಟಿಸಿದ ಹಲ್ಲು ಮತ್ತು ಉಂಗುರ. ಮೊದಲೆರಡು ಬಳಕೆಗೆ ಬೇಕಾದವು, ಸರಿ. ಉಂಗುರ?