ಮನಸ್ಸು ಪೂರ್ತಿ ಹಗುರಾಗುವವರೆಗೆ ಕಾಯಬೇಕೇ?

ಪ್ರಶ್ನೆ: ನನಗೆ 29 ವರ್ಷ. ಸೋಮವಾರಪೇಟೆ ಹತ್ತಿರ ತೋಟದ ಮನೆ. ಜನವರಿಯಲ್ಲಿ, ಕಾಫಿ ಕುಯ್ಲಿನ ಹೊತ್ತಿಗೆ, ಒಂಬತ್ತನೇ ವಾರಕ್ಕೆ ಗರ್ಭ ಹೋಯಿತು. ಮೂಟೆ ಎತ್ತಿದ್ದೇ ತಪ್ಪಾಯಿತೇನೋ ಎಂಬ ಕೊರಗು. ಮಳೆ ಹಿಡಿದ ಮೇಲೆ ಅಳು ಇನ್ನೂ ಹೆಚ್ಚಾಗಿದೆ. ‘ಟೆನ್ಷನ್ ಬಿಡು, ತಾನಾಗಿ ಆಗುತ್ತೆ’ ಎನ್ನುತ್ತಾರೆ ಮನೆಯವರು. ಮತ್ತೆ ಪ್ರಯತ್ನಿಸಲು ಎಷ್ಟು ಕಾಯಬೇಕು? ಗರ್ಭಕೋಶ ಶುದ್ಧಿಯ ಕಷಾಯ ಬೇಕೇ?

ಉತ್ತರ: ಮೊದಲು ಮೂಟೆಯ ಮಾತು ಮುಗಿಸೋಣ. ಮೊದಲ ಮೂರು ತಿಂಗಳಲ್ಲಿ ಕಳೆದುಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮಿನಲ್ಲಿ ಆಕಸ್ಮಿಕವಾಗಿ ಆಗುವ ಏರುಪೇರೇ ಕಾರಣ. ಅದು ಗರ್ಭ ಕಟ್ಟುವಾಗಲೇ ಆಗಿಹೋಗಿರುತ್ತದೆ. ನೀವು ಎತ್ತಿದ ಮೂಟೆಯಾಗಲೀ ಸ್ಕೂಟರಿನ ಕುಲುಕಾಟವಾಗಲೀ ಅದನ್ನು ತರುವುದಿಲ್ಲ.

ಕಷಾಯ ಬೇಡ. ಗರ್ಭಕೋಶವನ್ನು ಹೊರಗಿನಿಂದ ತೊಳೆಯಬೇಕಾಗಿಲ್ಲ, ಪ್ರತಿ ಮುಟ್ಟಿನಲ್ಲೂ ಒಳಪದರ ತಾನೇ ಕಳಚಿ ಹೊಸದಾಗುತ್ತದೆ. ಕಾಯುವ ವಿಚಾರಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಆರು ತಿಂಗಳು ಎಂದಿತ್ತು. ನಂತರದ ಅಧ್ಯಯನಗಳಲ್ಲಿ ಬೇಗ ಗರ್ಭ ಧರಿಸಿದವರಿಗೆ ಅದರಿಂದ ಹೆಚ್ಚಿನ ಕೆಡುಕು ಕಂಡಿಲ್ಲ. ರಕ್ತಸ್ರಾವ ಪೂರ್ತಿ ನಿಂತು ಒಂದು ಸಹಜ ಮುಟ್ಟು ಕಳೆದರೆ ಸಾಕು ಎಂದೇ ಈಗ ಬಹಳಷ್ಟು ವೈದ್ಯರು ಹೇಳುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ದೇಹ ಸಿದ್ಧವಿದೆ. ಎರಡು ಸಲ ಹೀಗಾದರೆ ಮಾತ್ರ ಮೊದಲು ತಪಾಸಣೆ.

‘ಟೆನ್ಷನ್ ಬಿಡು’ ಎಂಬುದು ಒಳ್ಳೆಯ ಮನಸ್ಸಿನ ಕೆಟ್ಟ ಸಲಹೆ. ಗರ್ಭ ನಿಲ್ಲದಿದ್ದರೆ ಅದಕ್ಕೂ ನೀವೇ ಹೊಣೆ ಎಂಬಂತಾಗುತ್ತದೆ. ಅಳುತ್ತಿರುವ ಹೆಂಗಸರೂ ಗರ್ಭ ಧರಿಸುತ್ತಾರೆ. ಆರೈಕೆ ಬೇಕಿರುವುದು ಗರ್ಭ ನಿಲ್ಲಲೆಂದಲ್ಲ, ನಿಮಗೆ ನಿದ್ದೆ, ಊಟ, ನೆಮ್ಮದಿ ಸಿಗಲೆಂದು.

ಇನ್ನು, ಅಳು ಈಗ ಹೆಚ್ಚಲು ಕಾರಣ ಬರೀ ಮಳೆಯಲ್ಲ. ಲೆಕ್ಕ ಹಾಕಿದರೆ ನಿಮ್ಮ ಹೆರಿಗೆಯ ತಾರೀಖು ಆಗಸ್ಟ್ ಆಸುಪಾಸಿಗೆ ಬೀಳುತ್ತಿತ್ತು. ಆ ದಿನ ಹತ್ತಿರವಾದಂತೆ ದುಃಖ ಮರಳುವುದು ಸಹಜ. ಅದನ್ನು ಮರೆಯಲು ಹೆಣಗಬೇಡಿ. ಆ ದಿನ ಕೆಲಸ ಕಡಿಮೆ ಇಟ್ಟುಕೊಂಡು, ಗಂಡನಿಗೆ ಮೊದಲೇ ತಿಳಿಸಿ, ಇಬ್ಬರೂ ದೀಪ ಹಚ್ಚಿ ಅಥವಾ ಒಂದು ಗಿಡ ನೆಡಿ.

ದಿನಕ್ಕೆ 15 ನಿಮಿಷ ಚಿಂತೆಗೇ ಮೀಸಲಿಡಿ, ಸಂಜೆ ಐದರ ಸುಮಾರಿಗೆ. ಪುಸ್ತಕದ ಎಡಭಾಗದಲ್ಲಿ ಚಿಂತೆ, ಬಲಭಾಗದಲ್ಲಿ ‘ನನ್ನ ಕೈಲಿದೆ’ ಅಥವಾ ‘ಇಲ್ಲ’. ಕೈಲಿದ್ದರೆ ನಾಳೆ ಮಾಡುವ ಒಂದು ಕೆಲಸ ಬರೆಯಿರಿ. ಇದು ಕೆಡುವುದು ಹಾಸಿಗೆಯಲ್ಲಿ ಮಾಡಿದಾಗ. ಚಿಂತೆಗೆ ಹಾಸಿಗೆಯ ನಂಟಾಗಿ ನಿದ್ದೆ ಹಾರುತ್ತದೆ. ಮಲಗುವ ಮುನ್ನ ಐದು ನಿಮಿಷ, ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ತಲೆ ಸುತ್ತಿದರೆ ಉಸಿರು ಜೋರಾಗಿ ಎಳೆಯುತ್ತಿದ್ದೀರಿ ಎಂದರ್ಥ, ಮೆಲ್ಲಗೆ ಮಾಡಿ. ಮಳೆ ಬಿಟ್ಟ ಹೊತ್ತಲ್ಲಿ ಅರ್ಧ ಗಂಟೆ ನಡೆಯಿರಿ. ಜಿಗಣೆ ಕಾಟವಿದ್ದರೆ ಅಂಗಳದಲ್ಲೇ ಸಾಕು. ಬೆಳಕು ಕಣ್ಣಿಗೆ ಬೀಳಬೇಕು, ಅಷ್ಟೆ.

ಎರಡು ವಾರ, ಹೆಚ್ಚಿನ ದಿನ, ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ-ಊಟ ಕೆಟ್ಟಿದೆ ಎಂದಾದರೆ ಇದು ಬರೀ ದುಃಖವಲ್ಲ, ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನಿಸಿದರೆ ಎರಡು ವಾರ ಕಾಯಬೇಡಿ, ಆಗಲೇ ಕರೆ ಮಾಡಿ, ಮನೆಯವರಿಗೂ ಹೇಳಿ.

ದೇಹದ ಸಿದ್ಧತೆ ಇದಕ್ಕಿಂತ ಸುಲಭ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಸಾಧ್ಯವಾದರೆ ಮೂರು ತಿಂಗಳು ಮೊದಲೇ ಶುರುವಾಗಲಿ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ, ಮುಟ್ಟು ತಪ್ಪಿದ್ದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 5 ಮಿಲಿಗ್ರಾಂ ಮಾತ್ರೆ. ಅದು ಸಕ್ಕರೆ ಕಾಯಿಲೆ, ಮೂರ್ಛೆರೋಗದ ಔಷಧಿ, ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷ ಇಂಥ ಸಂದರ್ಭಗಳಿಗೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ (12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ), ಥೈರಾಯ್ಡ್, ಸಕ್ಕರೆ ನೋಡಿಸಿ. ರುಬೆಲ್ಲಾ ಲಸಿಕೆ ಹಾಕಿಸಿಕೊಂಡರೆ ಒಂದು ತಿಂಗಳು ಗರ್ಭ ಧರಿಸಬಾರದು.

ಕಾಫಿಗೆ ಬರೋಣ, ಕೊಡಗಿನಲ್ಲಿ ಅದನ್ನು ಬಿಟ್ಟು ಮಾತು ಮುಗಿಯದು. ಗರ್ಭಿಣಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮಿತಿ, ಈಗಲೇ ಅಷ್ಟಕ್ಕೆ ಇಳಿಸುವುದು ಮೇಲು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು. ಹತ್ತು ಗ್ರಾಂ ರೊಬಸ್ಟಾ ಪುಡಿಯ ಗಟ್ಟಿ ಡಿಕಾಕ್ಷನ್ ಒಂದೇ ಲೋಟದಲ್ಲಿ ಆ ಮಿತಿ ಹತ್ತಿರ ಬಂದುಬಿಡುತ್ತದೆ. ಬೆಲ್ಲದ ಕಾಫಿಯೂ ಲೆಕ್ಕಕ್ಕೆ ಸೇರುತ್ತದೆ. ಏಕಾಏಕಿ ಬಿಟ್ಟರೆ ತಲೆನೋವು, ಆದ್ದರಿಂದ ವಾರಕ್ಕೊಂದು ಲೋಟ ಕಡಿಮೆ ಮಾಡಿ. ಊಟದ ಬೆನ್ನಿಗೇ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಹೀರಿಕೆಯಾಗದು, ಒಂದು ಗಂಟೆ ಬಿಡಿ. ತೋಟಕ್ಕೆ ಔಷಧಿ ಹೊಡೆಯುವ ದಿನ ಆ ಕಡೆ ಹೋಗಬೇಡಿ, ಹೊಡೆದವರ ಬಟ್ಟೆ ನೀವು ತೊಳೆಯಬೇಡಿ. ಮನೆಯ ವೈನೂ ಬೇಡ. ಗಂಡಸರ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಸಿಗರೇಟು, ಕುಡಿತ ಬಿಡುವ ಕೆಲಸ ಅವರದೂ ಹೌದು.

ಪ್ರಶ್ನೆ: ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ತಿನ್ನುತ್ತಿದ್ದೇನೆ. ಮಗು ಬೇಕೆಂದರೆ ನಿಲ್ಲಿಸಬೇಕೇ? (ವಿರಾಜಪೇಟೆಯ ಓದುಗರು)

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸುವುದೇ ದೊಡ್ಡ ಅಪಾಯ. ಹಲವು ಮಾತ್ರೆಗಳನ್ನು ಗರ್ಭಧಾರಣೆಯಲ್ಲೂ ಮುಂದುವರಿಸಬಹುದು. ಆದರೆ ಮೂರ್ಛೆರೋಗಕ್ಕೂ ಮನಸ್ಸಿನ ಏರಿಳಿತಕ್ಕೂ ಕೊಡುವ ವಾಲ್ಪ್ರೋಯೇಟ್ ಮಗುವಿಗೆ ನಿಜಕ್ಕೂ ಕೆಟ್ಟದ್ದು. ಅದು ಚೀಟಿಯಲ್ಲಿದ್ದರೆ ವೈದ್ಯರು ಬದಲಿಸುವವರೆಗೆ ಗರ್ಭನಿರೋಧಕ ಬಳಸಿ.

ಪ್ರಶ್ನೆ: ಗರ್ಭಕ್ಕೆ ಸಿದ್ಧವಾಗುವಾಗ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮದ್ದುಸೊಪ್ಪಿನ ಪಾಯಸ, ಕಣಿಲೆ (ಎಳೆ ಬಿದಿರು) ತಿನ್ನಬಹುದೇ? ಥೈರಾಯ್ಡ್ ಮಾತ್ರೆ ಇದೆ.

ಉತ್ತರ: ಹಬ್ಬದ ಒಂದು ದಿನದ ಪಾಯಸ ಬೇರೆ, ಅದೇ ಸೊಪ್ಪಿನ ಕಷಾಯವನ್ನು ತಿಂಗಳುಗಟ್ಟಲೆ ಕುಡಿಯುವುದು ಬೇರೆ, ಎರಡನೆಯದು ಬೇಡ. ಪಾಯಸ ತಿಂದ ಮೇಲೆ ಮೂತ್ರ ಕೆಂಪಾದರೆ ಅದು ಸೊಪ್ಪಿನ ಬಣ್ಣ, ರಕ್ತಸ್ರಾವವೆಂದು ಗಾಬರಿಯಾಗಬೇಡಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ, ಅದು ಥೈರಾಯ್ಡಿಗೂ ಆಗದು. ತೆಳುವಾಗಿ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು-ಮೂರು ದಿನ ನೆನೆಸಿ, ಕುದಿಸಿದ ನೀರನ್ನೂ ಚೆಲ್ಲಿದ ಮೇಲೆ ಅಪರೂಪಕ್ಕೊಮ್ಮೆ ತಿನ್ನಿ. ಥೈರಾಯ್ಡ್ ಮಾತ್ರೆ ಬರಿಹೊಟ್ಟೆಗೆ ನೀರಿನ ಜೊತೆ ನುಂಗಿ, ಕಾಫಿ ಅರ್ಧದಿಂದ ಒಂದು ಗಂಟೆ ಬಿಟ್ಟು.